ಬೈಕಿನವರ ಊಟ, ಹಸುವಿನ ಹೊಟ್ಟೆ



ಜುಲೈ ತಿಂಗಳ ಎರಡನೇ ಭಾನುವಾರ ಹಳೇ ಜಾವಾ, ಯೆಜ್ಡಿ ಬೈಕ್ ಇಟ್ಟುಕೊಂಡವರಿಗೆ ಹಬ್ಬ. ಅಂತರರಾಷ್ಟ್ರೀಯ ಜಾವಾ ದಿನ ಎಂದು ಅವತ್ತು ಎಲ್ಲರೂ ಒಂದು ಕಡೆ ಸೇರುತ್ತಾರೆ. ನಮ್ಮ ಕಡೆಯವರಿಗೆ ಈ ಗಾಡಿ ಹೊರಗಿನದೇನಲ್ಲ. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ತಯಾರಾಗುತ್ತಿತ್ತು. 1973ರಿಂದ ಅದರ ಹೆಸರು ಯೆಜ್ಡಿ ಆಯಿತು. ಕಿಕ್ ಹೊಡೆಯುವ ಸರಳೇ ಗೇರೂ ಆಗುವ ಗಾಡಿ ಅದು. ನಮ್ಮಪ್ಪ ಎರಡೂ ಕಡೆ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹಾಲು ಸಾಗಿಸುತ್ತಿದ್ದ ಯೆಜ್ಡಿ ಈಗ ನನ್ನ ಹತ್ತಿರ ಇದೆ. ಆ ನೆಪದಲ್ಲೇ ಕೆಲವು ವರ್ಷದ ಹಿಂದೆ ಒಂದು ಬೈಕ್ ಸಂಘದ ಹುಡುಗರು ನನ್ನನ್ನೂ ಊಟಕ್ಕೆ ಕರೆದಿದ್ದರು.

ಊಟದ ಜಾಗ ಪಾಂಡವಪುರ ತಾಲ್ಲೂಕಿನ ಒಂದು ತೆಂಗಿನ ತೋಟ, ತೊಣ್ಣೂರು ಕೆರೆಯಿಂದ ಹೆಚ್ಚು ದೂರವಿಲ್ಲ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲ ಕಡೆಯಿಂದ ಅರವತ್ತು ಜನ ಬರುತ್ತಾರೆ ಎಂದು ಅಡುಗೆ ಮಾಡಿಸಿದ್ದರು. ಬೆಳಗಿನಿಂದ ಹಿಡಿದ ಮಳೆ ಬಿಡಲೇ ಇಲ್ಲ. ನಾಗಮಂಗಲದವರು ಅರ್ಧ ದಾರಿಗೆ ವಾಪಸ್ ಹೋದರು, ಕೆ.ಆರ್. ಪೇಟೆಯವರು ಹೊರಡಲೇ ಇಲ್ಲ. ಬಂದವರು ಇಪ್ಪತ್ತೈದು ಮಂದಿ, ಎಲ್ಲರೂ ತೊಪ್ಪೆಯಾಗಿದ್ದರು. ತಗಡಿನ ಶೀಟಿನ ಕೆಳಗೆ ಬಾಳೆ ಎಲೆ ಹಾಕಿ ಮುದ್ದೆ, ನಾಟಿ ಕೋಳಿ ಸಾರು, ಅನ್ನ, ಮೊಸರು ಬಡಿಸಿದರು. ಮಳೆಯಲ್ಲಿ ಬಿಸಿ ಮುದ್ದೆ! ಅಂಥ ಊಟ ನಾನು ಹೆಚ್ಚು ಮಾಡಿಲ್ಲ.

ಊಟ ಮುಗಿದಾಗ ಎರಡು ದೊಡ್ಡ ಪಾತ್ರೆ ಅನ್ನ ಹಾಗೇ ಉಳಿದಿತ್ತು. "ದಂಡ ಆಗೋದು ಬ್ಯಾಡ, ಹಸುಗೆ ಹಾಕಿ ಅಕ್ಕಾ" ಎಂದು ಹುಡುಗರು ತೋಟ ನೋಡಿಕೊಳ್ಳುವ ಅಕ್ಕನ ಕೊಟ್ಟಿಗೆ ಕಡೆ ಪಾತ್ರೆ ಹೊತ್ತುಕೊಂಡು ಹೋದರು. ಅನ್ನಕ್ಕೆ ಮರ್ಯಾದೆ ಕೊಡುವ ಮಕ್ಕಳು, ತಪ್ಪು ಹುಡುಕಲಾಗದು. ನಾನು ಅದನ್ನು ನೋಡಿದೆ. ನೋಡಿಯೂ ಯಾರ ಜೊತೆಗೋ ಕಾರ್ಬೊರೇಟರ್ ವಿಷಯ ಮಾತಾಡುತ್ತಾ ನಿಂತಿದ್ದೆ. ಪಶುವೈದ್ಯ ಪದವಿ ಓದಿದವನು ಅಲ್ಲೇ ಒಂದು ಮಾತು ಹೇಳಬೇಕಿತ್ತು.

ಮರುದಿನ ಬೆಳಗಿನ ಜಾವ ಐದಕ್ಕೆ ಫೋನು. "ಸಾ, ಹಸ ಎದ್ದೇಳ್ತಾ ಇಲ್ಲ. ಮೆಲುಕೂ ಹಾಕ್ತಿಲ್ಲ. ಹಾಲೂ ಇಲ್ಲ."

ದಿನಕ್ಕೆ ಹನ್ನೊಂದು ಲೀಟರ್ ಕೊಡುತ್ತಿದ್ದ ಎಚ್.ಎಫ್. ಮಿಶ್ರತಳಿ ಅದು. ಕಣ್ಣು ಗುಳಿ ಬಿದ್ದಿತ್ತು, ಹಲ್ಲು ಕಡಿಯುತ್ತಿತ್ತು. ಎಡಗಡೆ ಹೊಟ್ಟೆ ಒತ್ತಿದರೆ ನೀರು ತುಂಬಿದ ಚೀಲದಂತೆ ಕುಲುಕುತ್ತಿತ್ತು. ಸಗಣಿ ತೆಳ್ಳಗೆ, ಬೂದು ಬಣ್ಣ, ಹುಳಿ ವಾಸನೆ. "ಕ್ಯಾಲ್ಸಿಯಂ ಬಾಟ್ಲಿ ಹಾಕಿ, ಹಾಲು ಜ್ವರ ಇರ್ಬೇಕು" ಎಂದು ಪಕ್ಕದ ಮನೆಯವರು ಹೇಳಿದರು. ನೆಲ ಹಿಡಿದ ರಾಸಿಗೆಲ್ಲ ಹಾಲು ಜ್ವರವೇ ಆಗಿರುವುದಿಲ್ಲ. ಪಾತ್ರೆ ಹೋಗಿದ್ದನ್ನು ನೋಡಿದ್ದರಿಂದ ನನಗೆ ಕೇಳುವ ಅಗತ್ಯವೇ ಬರಲಿಲ್ಲ.

ಇಡ್ಲಿ ಹಿಟ್ಟು ರಾತ್ರಿ ಇಟ್ಟರೆ ಬೆಳಿಗ್ಗೆ ಉಬ್ಬಿ ಹುಳಿ ಬಂದಿರುತ್ತದಲ್ಲ, ಹಸುವಿನ ಮೊದಲ ಹೊಟ್ಟೆಯಲ್ಲೂ ಹಾಗೇ ಆಗುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲಿನ ನಾರಿಗೆ ಒಗ್ಗಿಕೊಂಡಿರುತ್ತವೆ. ಒಂದೇ ಸಲ ಬಕೆಟ್‌ಗಟ್ಟಲೆ ಅನ್ನ ಬಿದ್ದರೆ ಹುಳಿ ಮಾಡುವ ಜೀವಿಗಳು ಹೆಚ್ಚಾಗಿ, ಲ್ಯಾಕ್ಟಿಕ್ ಆಮ್ಲ ತುಂಬಿ, ಹುಲ್ಲು ಅರಗಿಸುವವು ಸಾಯುತ್ತವೆ. ಮೈಯ ನೀರೆಲ್ಲ ಹೊಟ್ಟೆಗೆ ಇಳಿಯುತ್ತದೆ, ಆಮ್ಲ ರಕ್ತಕ್ಕೆ ಏರುತ್ತದೆ. ಇದಕ್ಕೆ ಅಸಿಡೋಸಿಸ್ ಎನ್ನುತ್ತೇವೆ. ಮದುವೆ, ತಿಥಿ, ಜಾತ್ರೆ, ಬೀಗರ ಊಟದ ಮರುದಿನ ನಮಗೆ ಬರುವ ಕರೆಗಳಲ್ಲಿ ಇದೇ ಹೆಚ್ಚು. ಮುದ್ದೆ, ಪಾಯಸ, ರವೆ, ಹಿಟ್ಟು, ಚೀಲ ಬಿಚ್ಚಿಕೊಂಡು ತಿಂದ ಜೋಳದ ನುಚ್ಚು, ಎಲ್ಲದರ ಕಥೆಯೂ ಒಂದೇ.

ರಾಸು ಹೀಗೆ ತಿಂದಿದೆ ಎಂದು ಗೊತ್ತಾದ ತಕ್ಷಣ, ಅದು ಚೆನ್ನಾಗಿಯೇ ಕಂಡರೂ, ಡಾಕ್ಟರಿಗೆ ಫೋನ್ ಮಾಡಿ. ಲಕ್ಷಣ ಕಾಣುವ ಮುಂಚಿನ ಗಂಟೆಗಳೇ ನಮಗೆ ಬೇಕಾದವು. ಉಳಿದಿರುವ ಅನ್ನ, ಹಿಂಡಿ, ಬೂಸಾ ತೆಗೆದುಬಿಟ್ಟು ಒಣ ಹುಲ್ಲು ಮಾತ್ರ ಹಾಕಿ. ನೀರನ್ನು ಹೊಟ್ಟೆ ತುಂಬ ಕುಡಿಯಲು ಬಿಡಬೇಡಿ. ಅಡುಗೆ ಸೋಡಾ ಕದಡಿ ಕುಡಿಸುವುದುಂಟು, ಆದರೆ ಎಷ್ಟು ಎಂದು ಡಾಕ್ಟರನ್ನೇ ಕೇಳಿ. ಮಲಗಿರುವ ರಾಸಿಗೆ ಗೊಟ್ಟದಲ್ಲಿ ಏನನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋದರೆ ಅದೇ ಸಾವಿಗೆ ದಾರಿ. ಏನು ತಿಂದಿದೆ ಎಂಬುದನ್ನು ಮುಚ್ಚಿಡಬೇಡಿ. ಅತ್ತೆ ಬೈಯುತ್ತಾರೆ ಎಂದು ಸುಮ್ಮನಿದ್ದು ಹಸು ಕಳೆದುಕೊಂಡವರನ್ನು ನೋಡಿದ್ದೇನೆ. ಇನ್ನೊಂದು ಮಾತು, ಬಾಳೆ ಎಲೆ ಹಾಕುವುದಾದರೆ ಅನ್ನ ಕೊಡವಿ ಹಾಕಿ. ಪ್ಲಾಸ್ಟಿಕ್ ಲೋಟ, ಮೂಳೆ, ತಂತಿ, ಪಿನ್ನು ಒಳಗಿದೆಯೇ ಎಂದು ಕೈಯಾಡಿಸಿ ನೋಡಿ.

ಎರಡು ದಿನ ಡ್ರಿಪ್ ಹಾಕಿದ ಮೇಲೆ ಆ ಹಸು ಎದ್ದಿತು. ಬೇರೆ ಆರೋಗ್ಯವಂತ ಹಸುವಿನ ಮೆಲುಕು ತೆಗೆದು ಇದಕ್ಕೆ ಕುಡಿಸಿದೆವು, ಸತ್ತ ಸೂಕ್ಷ್ಮಜೀವಿಗಳ ಜಾಗಕ್ಕೆ ಹೊಸವು ಬರಲಿ ಎಂದು. ಆದರೆ ಹಾಲು ಆ ಸೂಲಿನಲ್ಲಿ ಆರು ಲೀಟರ್ ದಾಟಲಿಲ್ಲ. ಗೊರಸು ನೋವಿನಿಂದ ಬಹಳ ದಿನ ಕುಂಟುತ್ತಿತ್ತು. ಆ ಅಕ್ಕ ನನ್ನನ್ನಾಗಲಿ ಹುಡುಗರನ್ನಾಗಲಿ ಒಂದು ಮಾತೂ ಅನ್ನಲಿಲ್ಲ. ಸಂಘದವರು ತಾವೇ ಚಂದಾ ಎತ್ತಿ ಔಷಧಿ ಖರ್ಚು ಕೊಟ್ಟರು. ಹೋದ ಹಾಲಿನ ಲೆಕ್ಕ ಯಾರೂ ಕೊಡಲಾಗಲಿಲ್ಲ.

ಮುಂದಿನ ಜುಲೈನಲ್ಲೂ ಮಳೆ. ನನಗೆ ಡ್ಯೂಟಿ ಇತ್ತು, ಊಟಕ್ಕೆ ಹೋಗಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಒಬ್ಬ ಹುಡುಗ ಫೋನ್ ಮಾಡಿದ. "ಸಾ, ಈ ಸಲನೂ ಒಂದು ಪಾತ್ರೆ ಅನ್ನ ಉಳೀತು. ಇಲ್ಲೇ ಹಾಸ್ಟೆಲ್ ಐತೆ, ಮಕ್ಕಳಿಗೆ ಬಿಸಿ ಇರುವಾಗ್ಲೇ ಕೊಡ್ತಾ ಇದೀವಿ. ಬಾಳೆ ಎಲೆ ಮಾತ್ರ ಅಕ್ಕನ ಕೊಟ್ಟಿಗೆಗೆ. ಅನ್ನ ಎಲ್ಲ ಕೊಡವಿದೀವಿ ಸಾ."