ರಾಕ್‌ವುಲ್ ತುಂಡಿನ ಸಸಿಗೆ ನೀರು

ಮಣ್ಣಿಲ್ಲದ ಬೇಸಾಯಕ್ಕೆ ಹೊಸದಾಗಿ ಕೈಹಾಕಿದವರ ಸಸಿಗಳು ನೀರು ಸಾಲದೆ ಸಾಯುವುದು ಕಡಿಮೆ. ಅಕ್ಕರೆಯಿಂದ ದಿನಕ್ಕೆ ಎರಡು ಮೂರು ಸಲ ಸುರಿದ ನೀರೇ ಅವುಗಳಿಗೆ ಮುಳುವಾಗುತ್ತದೆ. ರಾಕ್‌ವುಲ್ ತುಂಡುಗಳಲ್ಲಿ ಬೀಜ ಹಾಕುವವರಿಗಂತೂ ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಮೇಲ್ಭಾಗ ಒಣಗಿದಂತೆ ಕಂಡರೂ ಆ ಪುಟ್ಟ ತುಂಡಿನ ಹೊಟ್ಟೆಯಲ್ಲಿ ಎಳೆಯ ಸಸಿಗೆ ಬೇಕಾದಷ್ಟು ನೀರು ಉಳಿದಿರುತ್ತದೆ.

ರಾಕ್‌ವುಲ್ ಎಂದರೆ ಕಲ್ಲಿನ ನಾರು. ಬಸಾಲ್ಟ್‌ನಂಥ ಕಲ್ಲನ್ನು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ, ರಭಸವಾಗಿ ತಿರುಗುವ ಚಕ್ರಗಳ ಮೇಲೆ ಬಿಟ್ಟರೆ ಜಾತ್ರೆಯ ಬಾಂಬೆ ಮಿಠಾಯಿಯ ಹಾಗೆ ಎಳೆಎಳೆಯಾಗಿ ಹೊರಡುತ್ತದೆ. ಅದಕ್ಕೆ ಅಂಟು ಬೆರೆಸಿ, ಒತ್ತಿ, ತುಂಡು ಮಾಡುತ್ತಾರೆ. ಕಟ್ಟಡಗಳಲ್ಲಿ ಶಾಖ ತಡೆಯಲು ಬಳಸುತ್ತಿದ್ದ ಈ ವಸ್ತುವಿನಲ್ಲಿ ಗಿಡ ಬೆಳೆಸುವ ಪ್ರಯೋಗ 1960ರ ದಶಕದ ಕೊನೆಗೆ ಡೆನ್ಮಾರ್ಕ್‌ನಲ್ಲಿ ನಡೆಯಿತು. 1970ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಗಾಜಿನಮನೆಗಳ ಟೊಮೆಟೊ, ಸೌತೆ ಬೆಳೆಗಾರರು ಮಣ್ಣಿನ ರೋಗಗಳಿಂದ ತಪ್ಪಿಸಿಕೊಳ್ಳಲು ಇದರತ್ತ ಹೊರಳಿದರು. ನಮ್ಮ ನರ್ಸರಿಗಳಲ್ಲಿ ಇಂದಿಗೂ ಕೋಕೋಪೀಟ್ ತುಂಬಿದ ಟ್ರೇಗಳದ್ದೇ ದರ್ಬಾರು. ರಾಕ್‌ವುಲ್ ಕಾಣಸಿಗುವುದು ಹೈಡ್ರೋಪೋನಿಕ್ಸ್‌ನಲ್ಲಿ ಲೆಟ್ಯೂಸ್‌ನಂಥ ಸೊಪ್ಪು ಬೆಳೆಯುವವರ ಬಳಿ.

ಇದರ ಗಾತ್ರದಲ್ಲಿ ನಾರಿನ ಪಾಲು ನೂರಕ್ಕೆ ಮೂರರಷ್ಟು ಮಾತ್ರ. ಮಿಕ್ಕಿದ್ದೆಲ್ಲ ಖಾಲಿ ಜಾಗ. ಆ ಜಾಗದಲ್ಲಿ ನೀರೆಷ್ಟು, ಗಾಳಿಯೆಷ್ಟು ಎಂಬುದರ ಮೇಲೆ ಬೇರಿನ ಬಾಳುವೆ ನಿಂತಿದೆ. ಬೇರೂ ಉಸಿರಾಡುತ್ತದೆ, ಅದಕ್ಕೆ ಆಮ್ಲಜನಕ ಬೇಕು. ಇದನ್ನು ಕಣ್ಣಾರೆ ನೋಡಲು ಒಂದು ಸುಲಭ ಉಪಾಯವಿದೆ. ಚೆನ್ನಾಗಿ ನೆನೆದ ತುಂಡೊಂದನ್ನು ಜಾಲರಿಯ ಮೇಲೆ ಇಡಿ. ತೊಟ್ಟಿಕ್ಕುವುದು ನಿಂತ ಮೇಲೆ ಒಂದು ಮೂಲೆ ಹಿಡಿದು, ಎದುರು ಮೂಲೆ ನೆಲಕ್ಕೆ ಮುಖ ಮಾಡುವಂತೆ ಓರೆಯಾಗಿ ಎತ್ತಿ. ನಿಂತೇಹೋಗಿದ್ದ ನೀರು ಮತ್ತೆ ತೊಟ್ಟಿಕ್ಕುತ್ತದೆ! ನಾರುಗಳ ಸಂದಿಯಲ್ಲಿ ನೀರಿಗಿರುವ ಹಿಡಿತದಿಂದಾಗಿ ತುಂಡಿನ ತಳದಲ್ಲಿ ಯಾವಾಗಲೂ ಒಂದು ಪದರ ತೊಯ್ದೇ ಇರುತ್ತದೆ. ಎತ್ತರ ಹೆಚ್ಚಿದಂತೆ ಆ ಪದರದ ಪಾಲು ಕುಗ್ಗುತ್ತದೆ. ಓರೆಯಾಗಿ ಹಿಡಿದಾಗ ಎತ್ತರ ಹೆಚ್ಚಿತು, ಹಾಗಾಗಿ ಇನ್ನಷ್ಟು ನೀರು ಇಳಿಯಿತು. ಗಿಡ್ಡ ತುಂಡುಗಳಲ್ಲಿ ಬೇರಿಗೆ ಗಾಳಿ ಕಡಿಮೆಯಾಗುವುದೂ, ನೀರು ನಿಂತ ತಟ್ಟೆಯಲ್ಲಿ ತುಂಡುಗಳನ್ನು ಬಿಡಬಾರದೆನ್ನುವುದೂ ಇದೇ ಕಾರಣಕ್ಕೆ. ಹೆಚ್ಚಿನ ನೀರನ್ನು ಹಿಂಡಿ ತೆಗೆಯಲು ಮಾತ್ರ ಹೋಗಬೇಡಿ. ಒಮ್ಮೆ ಅಮುಕಿದ ನಾರು ಮೊದಲಿನಂತೆ ಅರಳುವುದಿಲ್ಲ, ಗಾಳಿಯ ಜಾಗವೇ ಹೋಗಿಬಿಡುತ್ತದೆ.

ಬೀಜ ಹಾಕುವ ಮೊದಲು ತುಂಡುಗಳನ್ನು ನೆನೆಸಬೇಕು. ಹೊಸ ರಾಕ್‌ವುಲ್ ತುಸು ಕ್ಷಾರೀಯ, ಅದಕ್ಕೇ ಪಿಎಚ್ 5.5ರ ಆಸುಪಾಸಿಗೆ ಇಳಿಸಿದ ನೀರು ಬಳಸುವುದು ರೂಢಿ. ಐದಕ್ಕಿಂತ ಕೆಳಗೆ ಇಳಿಸಿದರೆ ನಾರೇ ಹಾಳಾಗುತ್ತದೆ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರಿನವರು ಇಲ್ಲಿ ಎಚ್ಚರವಾಗಿರಬೇಕು. ಗಡಸು ನೀರಿನಲ್ಲಿ ಸಾಮಾನ್ಯವಾಗಿ ಬೈಕಾರ್ಬೊನೇಟ್ ತುಂಬಿರುತ್ತದೆ. ಇಂದು ಆಮ್ಲ ಹಾಕಿ ಇಳಿಸಿದ ಪಿಎಚ್ ನಾಳೆ ಬೆಳಗ್ಗೆ ಮೇಲೇರಿರಬಹುದು. ಆದ್ದರಿಂದ ಮರುದಿನ ಇನ್ನೊಮ್ಮೆ ಅಳೆದು ನೋಡಿ. ನಿಂಬೆರಸದಿಂದ ಇಳಿಸಿದ್ದು ಬಾಳಿಕೆ ಬರುವುದಿಲ್ಲ, ಏಕೆಂದರೆ ಅದರ ಸಿಟ್ರಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳು ತಿಂದುಬಿಡುತ್ತವೆ. ಹಿಡಿದಿಟ್ಟ ಮಳೆನೀರು ಸಿಕ್ಕರೆ ಈ ತಾಪತ್ರಯ ಬಹುಪಾಲು ಇರದು. ಒಣ ತುಂಡು ಕತ್ತರಿಸುವಾಗ ನಾರು ಚರ್ಮಕ್ಕೂ ಗಂಟಲಿಗೂ ತುರಿಕೆ ತರುತ್ತದೆ, ಮಾಸ್ಕ್ ಮತ್ತು ಕೈಗವಸು ಹಾಕಿಕೊಳ್ಳಿ.

ಮೊಳಕೆ ಬರುವ ತನಕ ತುಂಡು ಒಣಗಬಾರದು. ಟ್ರೇಗೆ ಮುಚ್ಚಳವಿದ್ದರೆ ಮೊದಲು ನೆನೆಸಿದ ನೀರೇ ಸಾಮಾನ್ಯವಾಗಿ ಸಾಕಾಗುತ್ತದೆ. ಮೊಳಕೆ ಕಂಡೊಡನೆ ಮುಚ್ಚಳ ತೆಗೆದು ಬೆಳಕಿಗಿಡಿ. ನಿಜವಾದ ಲೆಕ್ಕಾಚಾರ ಶುರುವಾಗುವುದು ಇಲ್ಲಿಂದ. ಗಡಿಯಾರ ನೋಡಿ ನೀರು ಹಾಕುವ ಪದ್ಧತಿ ನನಗೆ ಸರಿಕಾಣದು. ಮೋಡದ ದಿನ ಸಸಿ ಕುಡಿಯುವುದೇ ಬೇರೆ, ಏಪ್ರಿಲ್ ಬಿಸಿಲಿನಲ್ಲಿ ಕುಡಿಯುವುದೇ ಬೇರೆ. ತೂಕ ನಂಬಿ. ನಾಲ್ಕು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ತುಂಡಿನ ಗಾತ್ರ 64 ಮಿಲಿಲೀಟರ್. ನೀರು ಬಸಿದ ಮೇಲೂ ಅದರಲ್ಲಿ 50 ಗ್ರಾಂ ಆಸುಪಾಸು ನೀರಿರುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ನೀರಿನ ಮೂರನೇ ಒಂದು ಭಾಗ ಇಳಿದ ಮೇಲೆ ಮತ್ತೆ ಕೊಡಿ. ಕೆಲವು ದಿನ ಹೀಗೆ ಮಾಡಿದರೆ ಕೈಗೇ ಅಂದಾಜು ಸಿಗುತ್ತದೆ, ಆಮೇಲೆ ತಕ್ಕಡಿ ಬೇಡ. ತುಂಡನ್ನು ಪೂರ್ತಿ ಒಣಗಲು ಬಿಡುವುದೂ ತಪ್ಪು. ಹಾಗೆ ಒಣಗಿದ ತುಂಡು ಮತ್ತೆ ಎಲ್ಲ ಕಡೆ ಸಮನಾಗಿ ನೆನೆಯುವುದು ಕಷ್ಟ.

ಕೊಡುವಾಗ ಮಾತ್ರ ಧಾರಾಳವಾಗಿ ಕೊಡಿ, ತಳದಿಂದ ಸ್ವಲ್ಪ ಹರಿದು ಹೋಗಲಿ. ಸಸಿ ನೀರನ್ನು ಹೀರಿದಷ್ಟೂ ಒಳಕ್ಕೆ ಹೊಸ ಗಾಳಿ ಬರುತ್ತದೆ. ಮೇಲಿನಿಂದ ನೀರು ಇಳಿದಾಗ ಕೂತ ಲವಣ ತೊಳೆದು ಹೋಗುತ್ತದೆ. ಬರೀ ಚಿಮುಕಿಸುತ್ತಿದ್ದರೆ ಮೇಲ್ಪದರ ಸದಾ ಹಸಿಯಾಗಿ ಪಾಚಿ ಕಟ್ಟುತ್ತದೆ, ಪಾಚಿಗೆ ಸಣ್ಣ ಕಪ್ಪು ನೊಣಗಳು ಬರುತ್ತವೆ, ಅವುಗಳ ಮರಿಹುಳುಗಳು ಎಳೆ ಬೇರನ್ನು ಕಡಿಯುತ್ತವೆ. ಪಿಥಿಯಂ ರೋಗಕ್ಕೂ ಇಂಥ ತೇವವೇ ಬೇಕು: ಕಾಂಡದ ಬುಡ ನೀರು ನೀರಾಗಿ, ದಾರದಷ್ಟು ಸಣ್ಣಗಾಗಿ, ಸಸಿ ರಾತ್ರೋರಾತ್ರಿ ಅಡ್ಡಬೀಳುತ್ತದೆ. ಬಿದ್ದ ಸಸಿ ಏಳುವುದಿಲ್ಲ. ಅದನ್ನು ತುಂಡಿನ ಸಮೇತ ತೆಗೆದುಹಾಕಿ, ಉಳಿದವಕ್ಕೆ ಗಾಳಿಯಾಡಲು ಬಿಡಿ.

ಕಲ್ಲಿನ ನಾರಿನಲ್ಲಿ ಗಿಡಕ್ಕೆ ದಕ್ಕುವ ಪೋಷಕಾಂಶ ಇಲ್ಲವೆನ್ನುವಷ್ಟು ಕಡಿಮೆ. ಬೀಜದೆಲೆ ಬಿಚ್ಚಿದ ಮೇಲೆ ತೆಳುವಾದ ಪೋಷಕ ದ್ರಾವಣ ಶುರುಮಾಡಿ, ಅದರ ಲವಣಾಂಶ ತೋರಿಸುವ ವಿದ್ಯುತ್ ವಾಹಕತೆ (ಇಸಿ) ಸೆಂಟಿಮೀಟರಿಗೆ 1 ಮಿಲಿಸೀಮೆನ್ಸ್ ಸುತ್ತ ಇದ್ದರೆ ಸಾಕು. ನಿಜವಾದ ಎಲೆಗಳು ಮೂಡಿದಂತೆ ಸಾಂದ್ರತೆಯನ್ನು ಮೆಲ್ಲಗೆ ಏರಿಸಿ. ತಳದಲ್ಲಿ ಬಿಳಿ ಬೇರು ಇಣುಕಿದರೆ ಸಸಿ ಮುಂದಿನ ಮನೆಗೆ ಹೊರಡಲು ತಯಾರು. ಸಾಗಿಸುವ ಮುನ್ನ ತುಂಡನ್ನು ಚೆನ್ನಾಗಿ ನೆನೆಸಿ, ಇಣುಕಿದ ಬೇರು ಹೊಸ ಜಾಗದ ದ್ರಾವಣವನ್ನು ಮುಟ್ಟುವ ತನಕ ಕೆಲವು ದಿನ ಮೇಲಿನಿಂದಲೂ ನೀರು ಕೊಡುತ್ತಿರಿ.