ಬೆಸುಗೆಯ ಒಳಗುಟ್ಟು

ಕಬ್ಬಿನ ಕಟಾವಿನ ಕಾಲ. ಮಂಡ್ಯದ ಕಡೆಯ ಹಳ್ಳಿರಸ್ತೆಯೊಂದರ ದಿಣ್ಣೆಯನ್ನು ಏರುತ್ತಿದ್ದಾಗ, ಕಬ್ಬು ಹೇರಿದ್ದ ಟ್ರೇಲರೊಂದು ತನ್ನನ್ನು ಎಳೆಯುತ್ತಿದ್ದ ಟ್ರ್ಯಾಕ್ಟರಿನಿಂದ ಕಳಚಿಕೊಂಡು ಹಿಂದಕ್ಕೆ ಜಾರಿತು. ಪುಣ್ಯವಶಾತ್ ಹಿಂದೆ ಯಾರೂ ಬರುತ್ತಿರಲಿಲ್ಲ. ಗಾಡಿಯು ಕಾಲುವೆಯ ಏರಿಗೆ ಒರಗಿ ನಿಂತಿತು. ಆ ಸಂಜೆ, ಮುರಿದ ಕೊಂಡಿಯನ್ನು ಹೊತ್ತು ಪಟ್ಟಣದ ವೆಲ್ಡಿಂಗ್ ಷೆಡ್ಡಿಗೆ ಹೊರಟ ರೈತರೊಡನೆ ನಾನೂ ಹೋದೆ.

ಷೆಡ್ಡಿನ ಮೇಸ್ತ್ರಿಗಳು ವಯಸ್ಸಾದವರು. ಕೊಂಡಿಯನ್ನು ದೀಪದ ಬೆಳಕಿಗೆ ಹಿಡಿದು, “ಮೇಲೆ ನೋಡಿ ಸ್ವಾಮಿ, ಹೆಣೆದ ಜಡೆಯ ಹಾಗಿದೆ. ಈಗ ಅಡಿಯಲ್ಲಿ ನೋಡಿ” ಎಂದರು. ನೋಡಿದೆ. ಬೆಸುಗೆಯು ಮುರಿದಿರಲಿಲ್ಲ; ಕಾವಲಿಯಿಂದ ದೋಸೆ ಎದ್ದಂತೆ ಇಡಿಯಾಗಿ ಎದ್ದು ಬಂದಿತ್ತು! ಅದರ ಕೆಳಗೆ 12 ಮಿಲಿಮೀಟರ್ ದಪ್ಪದ ತಗಡಿನ ಮೂಲ ಮೈ, ಕಾರ್ಖಾನೆಯಿಂದ ಬಂದಾಗಿನ ಬೂದುಬಣ್ಣದ ಪೊರೆಯೊಡನೆ, ಹಾಗೆಯೇ ಉಳಿದಿತ್ತು. ದೋಸೆಗೆ ಭೂಷಣವಾದ ಗುಣವೇ ಬೆಸುಗೆಗೆ ಮೃತ್ಯು.

ಈ ಕೊಂಡಿಗೆ ಬೆಸುಗೆ ಹಾಕಿದ್ದು ‘ಮಿಗ್’ ಎಂಬ ವಿಧಾನದಲ್ಲಿ. ನಮ್ಮ ಷೆಡ್ಡುಗಳಲ್ಲಿ ಇದನ್ನು ಸಿ.ಓ.ಟೂ ವೆಲ್ಡಿಂಗ್ ಎಂದೂ ಕರೆಯುವರು. ಸುರುಳಿಯಿಂದ ಸಣ್ಣ ತಂತಿಯೊಂದು ತಾನೇ ತಾನಾಗಿ ಬಿಚ್ಚಿಕೊಂಡು ಕೈಯ ಟಾರ್ಚಿನ ಮೂಲಕ ಹೊರಬರುತ್ತದೆ. ಅದರ ತುದಿಗೂ ಲೋಹಕ್ಕೂ ನಡುವೆ ವಿದ್ಯುತ್ತಿನ ಕಿಡಿಯು ಉರಿದು ಎರಡನ್ನೂ ಕರಗಿಸುತ್ತದೆ. ಸುತ್ತಲೂ ಹರಿಯುವ ಅನಿಲವು ಹೊರಗಿನ ಗಾಳಿಯನ್ನು ದೂರವಿಡುತ್ತದೆ. ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ 1948ರಲ್ಲಿ ರೂಪುಗೊಂಡಾಗ ಇದಕ್ಕೆ ಬೆಲೆಬಾಳುವ ಜಡಾನಿಲಗಳು ಬೇಕಾಗಿದ್ದವು. 1953ರಲ್ಲಿ ರಷ್ಯದ ಲ್ಯುಬಾವ್‌ಸ್ಕಿ ಮತ್ತು ನೊವೊಷಿಲೋವ್ ಅಗ್ಗದ ಇಂಗಾಲದ ಡೈಆಕ್ಸೈಡನ್ನು ಬಳಸಬಹುದೆಂದು ತೋರಿಸಿದ ಮೇಲೆ ಉಕ್ಕಿನ ಕೆಲಸಕ್ಕೂ ಇದು ಕೈಗೆಟುಕಿತು. ಹಳೆಯ ಕಡ್ಡಿಯ ಬೆಸುಗೆಯಲ್ಲಿ ಕಡ್ಡಿಗೆ ಹಚ್ಚಿದ ಮದ್ದು ಕರಗಿ, ಲೋಹದ ಮೇಲೆ ಹೆಪ್ಪಿನಂತೆ ಕವಿದು ಅದನ್ನು ಕಾಯುತ್ತಿತ್ತು. ಇಲ್ಲಿ ಅಂಥ ಹೊದಿಕೆಯಿಲ್ಲ; ಅನಿಲವೇ ಕಾವಲುಗಾರ. ಹೆಪ್ಪನ್ನು ಕುಟ್ಟಿ ತೆಗೆಯುವ ಶ್ರಮವೂ ಇಲ್ಲ. ಹೊಸಬನೂ ವಾರವೊಂದರಲ್ಲಿ ಅಂದವಾದ ಸಾಲನ್ನು ಎಳೆಯಬಲ್ಲ. ಅಪಾಯವಿರುವುದೂ ಈ ಸುಲಭದಲ್ಲಿಯೇ.

ಮೇಸ್ತ್ರಿಗಳು ರೋಗವನ್ನು ಮೊದಲು ಕಿವಿಯಿಂದ ಪರೀಕ್ಷಿಸುತ್ತಾರೆ. ತೆಳುತಗಡಿನ ಕೆಲಸದಲ್ಲಿ ಹದ ಸರಿಯಿದ್ದರೆ ಬಾಣಲೆಯಲ್ಲಿ ಬೋಂಡ ಬೇಯುವಂತೆ ಒಂದೇ ಸಮನಾದ ಸದ್ದು ಬರಬೇಕು. ತಂತಿಯು ಲೋಹಕ್ಕೆ ತಿವಿದು ಕೈಯನ್ನು ಹಿಂದೂಡಿದರೆ ವೋಲ್ಟು ಸಾಲದು, ಇಲ್ಲವೆ ತಂತಿಯ ವೇಗ ಹೆಚ್ಚಾಯಿತು. ದಪ್ಪ ಹನಿಗಳು ಸುತ್ತಲೂ ಸಿಡಿದು ಅಂಟಿಕೊಳ್ಳುತ್ತಿದ್ದರೆ ವೋಲ್ಟಿಗೂ ತಂತಿಯ ವೇಗಕ್ಕೂ ಹೊಂದಿಕೆಯಿಲ್ಲ. ಅಥವಾ ಅರ್ತಿನ ಕ್ಲ್ಯಾಂಪು ತುಕ್ಕಿನ ಮೇಲೆ ಕುಳಿತಿದೆ. ಯಂತ್ರದ ಗುಂಡಿಗಳನ್ನು ತಿರುಗಿಸುವ ಮುನ್ನ ಕ್ಲ್ಯಾಂಪನ್ನು ನೋಡುವುದು ಜಾಣತನ.

ಇನ್ನು ಜೇನುಹುಟ್ಟಿನಂತೆ ತೂತುಗಳೇಳುವ ದೋಷ. ಇಂಥ ಬೆಸುಗೆಯನ್ನು ಕಂಡೊಡನೆ ಹುಡುಗರು ಅನಿಲ ಸಾಲದೆಂದು ಸಿಲಿಂಡರಿನ ಕವಾಟವನ್ನು ಮತ್ತಷ್ಟು ತೆರೆಯುತ್ತಾರೆ. ಸಾಮಾನ್ಯ ಕೆಲಸಕ್ಕೆ ನಿಮಿಷಕ್ಕೆ 10ರಿಂದ 15 ಲೀಟರ್ ಸಾಕು. ಅತಿಯಾದರೆ ಅನಿಲದ ಹರಿವು ಸುಳಿಯೆದ್ದು ಹೊರಗಿನ ಗಾಳಿಯನ್ನು ತಾನೇ ಒಳಗೆಳೆದುಕೊಳ್ಳುತ್ತದೆ! ನಿಜವಾದ ಅಪರಾಧಿಯು ಹಲವು ವೇಳೆ ಸೆಕೆಗೆಂದು ಹಾಕಿದ ಫ್ಯಾನು, ಇಲ್ಲವೆ ತೆರೆದಿಟ್ಟ ಬಾಗಿಲು. ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದ ಗಾಳಿಯೇ ಅನಿಲದ ಮರೆಯನ್ನು ಕದಡಬಲ್ಲದು. ಸಿಡಿದ ಹನಿಗಳಿಂದ ಕಟ್ಟಿಕೊಂಡ ನಾಜಲ್, ಸೀಳಿದ ಕೊಳವೆ, ಹೆಪ್ಪುಗಟ್ಟಿದ ರೆಗ್ಯುಲೇಟರು, ಒರೆಸದೆ ಬಿಟ್ಟ ಎಣ್ಣೆ, ಬಣ್ಣ, ತುಕ್ಕು ಇವೂ ಕಾರಣಗಳೇ. ಸತುವಿನ ಲೇಪವಿರುವ ತಗಡಾದರೆ ಬೆಸುಗೆಯ ಜಾಗದಲ್ಲಿ ಲೇಪವನ್ನು ಕೆರೆದು ತೆಗೆಯಲೇಬೇಕು; ಅದರ ಹೊಗೆ ಬೆಸುಗೆಯನ್ನಷ್ಟೇ ಅಲ್ಲದೆ ಮನುಷ್ಯನನ್ನೂ ಜ್ವರಕ್ಕೆ ಕೆಡಹುತ್ತದೆ. ಹಾಲು ಕುಡಿದರೆ ಆ ಹೊಗೆ ಬಾಧಿಸದೆಂಬ ನಂಬಿಕೆ ನಮ್ಮ ಷೆಡ್ಡುಗಳಲ್ಲಿ ಬಲವಾಗಿದೆ. ಹಾಲು ಒಳ್ಳೆಯದೇ, ಆದರೆ ಅದು ಹೋಗುವುದು ಹೊಟ್ಟೆಗೆ. ಹೊಗೆ ಹೋಗುವುದು ಶ್ವಾಸಕೋಶಕ್ಕೆ.

ತೂತುಬಿದ್ದ ಬೆಸುಗೆಯ ಮೇಲೆ ಇನ್ನೊಂದು ಸಾಲನ್ನು ಎಳೆದು ಮುಚ್ಚುವುದು ಎಲ್ಲೆಲ್ಲಿಯೂ ಕಾಣುವ ಕಪಟ. ಒಳಗಿನ ತೂತುಗಳು ಒಳಗೇ ಉಳಿಯುತ್ತವೆ, ಹಲವು ಹೊಸ ಪದರಕ್ಕೂ ಏರುತ್ತವೆ. ಗಟ್ಟಿಲೋಹ ಕಾಣುವವರೆಗೆ ಗ್ರೈಂಡರಿನಿಂದ ಉಜ್ಜಿ ತೆಗೆದು ಮತ್ತೆ ಹಾಕುವುದೊಂದೇ ಮಾರ್ಗ. ಬೆಸುಗೆಯ ಅಂಚಿನುದ್ದಕ್ಕೂ ಚರಂಡಿಯಂತೆ ಕೊರೆದಿದ್ದರೆ ವೋಲ್ಟನ್ನು ತಗ್ಗಿಸಿ ಕೈಯನ್ನು ನಿಧಾನಿಸಬೇಕು. ಸಾಲಿನ ಕೊನೆಯ ಗುಳಿಯಲ್ಲಿ ನಕ್ಷತ್ರದಂಥ ಬಿರುಕು ಕಂಡರೆ, ಟಾರ್ಚನ್ನು ತಟ್ಟನೆ ಎತ್ತಿದ್ದರ ಫಲ. ಗುಳಿ ತುಂಬುವವರೆಗೆ ಕ್ಷಣಕಾಲ ತಡೆಯಬೇಕಾಗಿತ್ತು.

ಇವೆಲ್ಲ ಕಣ್ಣಿಗೆ ಬೀಳುವ ದೋಷಗಳು. ಆ ಮಟ್ಟಿಗೆ ಪ್ರಾಮಾಣಿಕವಾದವು. ನಮ್ಮ ರೈತರ ಕೊಂಡಿಗೆ ತಗುಲಿದ್ದುದು ಕಾಣದ ದೋಷ. ಬೆಸುಗೆಯ ಲೋಹ ಕರಗಿತ್ತು, ತಗಡು ಕರಗಿರಲಿಲ್ಲ. ಮೇಸ್ತ್ರಿಗಳು ಪ್ರಶ್ನಿಸುತ್ತ ಹೋದಂತೆ ಸಂಗತಿ ಹೊರಬಿದ್ದಿತು. ಹಿಂದೆ ಕೆಲಸ ಮಾಡಿಕೊಟ್ಟಿದ್ದವರು ಕಿಟಕಿಯ ಸರಳು, ಬೀರುಗಳ ತಗಡನ್ನು ಬೆಸೆಯುವವರು. ಅದೇ 0.8 ಮಿಲಿಮೀಟರಿನ ತಂತಿ, ತೆಳುತಗಡಿಗೆ ಹೊಂದುವ ಅದೇ ಮಂದವಾದ ಕಾವು. ದಪ್ಪ ತಗಡು ಆ ಕಾವನ್ನು ಬಂದಂತೆಲ್ಲ ಹೀರಿಬಿಟ್ಟಿದೆ. ಬೂದುಪೊರೆಯನ್ನು ಉಜ್ಜಿರಲಿಲ್ಲ. ಇದು ಸಾಲದೆಂಬಂತೆ ಬೆಸುಗೆಯನ್ನು ಮೇಲಿನಿಂದ ಕೆಳಕ್ಕೆ ಎಳೆದಿದ್ದರು. ಹಾಗೆ ಎಳೆದಾಗ ಕರಗಿದ ಲೋಹವು ಕಿಡಿಗಿಂತ ಮುಂದೆ ಜಾರುತ್ತದೆ; ಕಿಡಿಯು ತಗಡನ್ನು ಮುಟ್ಟದೆ ಆ ದ್ರವದ ಮೇಲೆಯೇ ಆಡುತ್ತದೆ. ಸಾಲು ಮಾತ್ರ ನುಣುಪಾಗಿ ಬರುತ್ತದೆ!

ಬೆಸುಗೆಯ ಅಂದವನ್ನು ನಂಬಬಾರದೆಂಬುದಕ್ಕೆ ಲೋಕವು ತೆತ್ತ ಬೆಲೆ ಸಣ್ಣದಲ್ಲ. 1980ರ ಮಾರ್ಚ್ 27ರಂದು ಉತ್ತರ ಸಮುದ್ರದ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ ‘ಅಲೆಕ್ಸಾಂಡರ್ ಕೀಲಾಂಡ್’ ಎಂಬ ತೇಲುವೇದಿಕೆಯು ಬಿರುಗಾಳಿಯಲ್ಲಿ ಮಗುಚಿ, ಅದರ ಮೇಲಿದ್ದ 212 ಮಂದಿಯಲ್ಲಿ 123 ಮಂದಿ ಅಸುನೀಗಿದರು. ತನಿಖೆಯ ಜಾಡು ಹೋಗಿ ಮುಟ್ಟಿದ್ದು, ಚಿಕ್ಕ ಉಪಕರಣವೊಂದರ ಆಧಾರವನ್ನು ತೊಲೆಗೆ ಜೋಡಿಸಿದ್ದ 6 ಮಿಲಿಮೀಟರಿನ ಬೆಸುಗೆಯನ್ನು. ಅಲ್ಲಿನ ಬಿರುಕಿನ ಒಳಗೆ ಬಣ್ಣ ಸಿಕ್ಕಿತು. ಎಂದರೆ, ವೇದಿಕೆಗೆ ಬಣ್ಣ ಬಳಿಯುವ ವೇಳೆಗಾಗಲೇ ಬಿರುಕು ಅಲ್ಲಿತ್ತು. ಬಳಿದವರು ಅದನ್ನು ಕಾಣದೆ ಮುಚ್ಚಿದ್ದರು. ಅಲ್ಲಿ ಕೆಲಸ ಮಾಡಿದ ವಿಧಾನ ಯಾವುದೇ ಇರಲಿ, ನಮ್ಮ ಕೊಂಡಿಗೂ ಹೊಳೆಯುವ ಕೆಂಪುಬಣ್ಣ ಬಳಿದಿತ್ತೆಂಬುದು ನನಗೆ ನೆನಪಾಗದೆ ಇರಲಿಲ್ಲ.

“ಇದರ ಮೇಲೆಯೇ ಎರಡು ಸಾಲು ಎಳೆದುಬಿಡಿ ಮೇಸ್ತ್ರಿ. ಕಡಿದ ಕಬ್ಬು ದಾರಿಯಲ್ಲಿ ಒಣಗುತ್ತಿದೆ, ತೂಕ ಇಳಿಯುತ್ತದೆ” ಎಂದು ರೈತರು ಅವಸರಪಡಿಸಿದರು. ಅವರ ಸಂಕಟ ಸುಳ್ಳಲ್ಲ.

“ಆಗಲಾರದು ಗೌಡರೆ. ನಾಳೆ ಬೆಳಿಗ್ಗೆ ಕೊಡುತ್ತೇನೆ” ಎಂದ ಮೇಸ್ತ್ರಿಗಳು ಹಳೆಯ ಬೆಸುಗೆಯನ್ನೆಲ್ಲ ಉಜ್ಜಿ ತೆಗೆಸಿ, ಅಂಚುಗಳನ್ನು ಓರೆಯಾಗಿ ಕಡೆಸಿ, ಬೆಳ್ಳಗೆ ಹೊಳೆಯುವವರೆಗೆ ತಿಕ್ಕಿಸಿದರು. ಯಂತ್ರಕ್ಕೆ 1.2 ಮಿಲಿಮೀಟರಿನ ತಂತಿಯನ್ನೂ ಅದಕ್ಕೆ ತಕ್ಕ ಉರುಳೆಯನ್ನೂ ತುದಿಯನ್ನೂ ಹಾಕಿ, ಕಾವನ್ನು ಸುಮಾರು 250 ಆಂಪಿಯರಿಗೆ ಏರಿಸಿದರು. ಆದರೂ ಕೊಂಡಿಯನ್ನು ಮುಟ್ಟಲಿಲ್ಲ. ಅದೇ ದಪ್ಪದ ಎರಡು ಚೂರು ತಗಡನ್ನು ‘ಟಿ’ ಅಕ್ಷರದಂತೆ ನಿಲ್ಲಿಸಿ, ಒಂದೇ ಮಗ್ಗುಲಿಗೆ ಬೆಸುಗೆ ಹಾಕಿ, ಆರಿದ ಮೇಲೆ ವೈಸಿನಲ್ಲಿ ಹಿಡಿದು ಬೆಸುಗೆಯ ಬುಡ ಬಾಯಿಬಿಡುವಂತೆ ಸುತ್ತಿಗೆಯಿಂದ ಹೊಡೆದರು. ಖರ್ಚಿಲ್ಲದ, ಸುಳ್ಳು ಹೇಳದ ಪರೀಕ್ಷೆಯಿದು. ಇದನ್ನು ಮಾಡುವ ಷೆಡ್ಡುಗಳು ಮಾತ್ರ ವಿರಳ.

ಮೊದಲನೆಯದು ಒಡೆಯಿತು. ಬುಡದಲ್ಲಿ ಕೂದಲೆಳೆಯಷ್ಟು ಬೂದುಗೆರೆಯಿತ್ತು. ಮೇಸ್ತ್ರಿಗಳು ಮಾತಾಡದೆ ಟಾರ್ಚಿನ ಓರೆಯನ್ನು ತಿದ್ದಿಕೊಂಡು, ಕಿಡಿಯು ಕರಗಿದ ಲೋಹದ ಮುಂದಂಚಿನಲ್ಲಿಯೇ ಇರುವಂತೆ ಇನ್ನೊಂದನ್ನು ಹಾಕಿದರು. ಅದು ಹೊಡೆತಕ್ಕೆ ಬಾಗಿತು, ಮತ್ತೂ ಬಾಗಿತು, ಕೊನೆಗೆ ಮಡಿಸಿದ ಚಾಪೆಯಂತೆ ಒಂದರ ಮೇಲೊಂದು ಮಲಗಿತು, ಒಡೆಯಲಿಲ್ಲ. ರೈತರು ಅದನ್ನು ಕೈಗೆ ತೆಗೆದುಕೊಂಡು ಹಿಂದುಮುಂದು ತಿರುಗಿಸಿ ನೋಡಿ, ಮೂಲೆಯ ಬೆಂಚಿನ ಮೇಲೆ ಹೋಗಿ ಕುಳಿತರು. ಹುಡುಗನೊಬ್ಬ ಫ್ಯಾನನ್ನು ಆರಿಸಿ ಬಾಗಿಲನ್ನು ಮುಂದೆಳೆದ. ಮೇಸ್ತ್ರಿಗಳು ಕೊಂಡಿಯನ್ನು ಎತ್ತಿಕೊಂಡರು.