ಮುಪ್ಪಿನ ಆರೈಕೆಗೆ ವಿಮೆ: ತಪ್ಪು ಕಲ್ಪನೆ ಮತ್ತು ಸತ್ಯ

ದೀರ್ಘಕಾಲದ ಆರೈಕೆ ವಿಮೆ ಕಾಯಿಲೆ ಗುಣಪಡಿಸುವ ವಿಮೆಯಲ್ಲ. ಮುಪ್ಪು, ಪಾರ್ಶ್ವವಾಯು ಅಥವಾ ಮರೆವಿನ ಕಾಯಿಲೆಯಿಂದ ತಮ್ಮ ಕೆಲಸ ತಾವೇ ಮಾಡಿಕೊಳ್ಳಲಾಗದವರಿಗೆ ಸ್ನಾನ ಮಾಡಿಸಲು, ಉಣಿಸಲು, ಮಗ್ಗುಲು ಬದಲಿಸಲು ಜನ ಬೇಕು. ಆ ವೆಚ್ಚವನ್ನು ಹೊರುವ ವ್ಯವಸ್ಥೆ ಅದು. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ, ದಕ್ಷಿಣ ಕೊರಿಯಾ 2008ರಲ್ಲಿ ಇದನ್ನು ಸಾರ್ವಜನಿಕ ವಿಮೆಯಾಗಿ ಜಾರಿಗೆ ತಂದವು. ಭಾರತದಲ್ಲಿ ಅಂಥದ್ದಿಲ್ಲ. ಮೂಡುಬಿದಿರೆ ಬಳಿಯ ತೋಡಾರಿನಲ್ಲಾಗಲಿ, ಬಂಟ್ವಾಳ, ಬೆಳ್ತಂಗಡಿಯ ಹಳ್ಳಿಗಳಲ್ಲಾಗಲಿ ಹಾಸಿಗೆ ಹಿಡಿದವರ ಹೊರೆ ಇಂದಿಗೂ ಮನೆಯವರದೇ.

ಎಪ್ಪತ್ತು ದಾಟಿದವರಿಗೆ ಆಯುಷ್ಮಾನ್ ಕಾರ್ಡ್ ಇದ್ದ ಮೇಲೆ ಚಿಂತೆಯಿಲ್ಲ ಎಂಬುದು ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ. ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿದ ವಯ ವಂದನ ಕಾರ್ಡಿಗೆ ಆದಾಯದ ಮಿತಿ ಇಲ್ಲ ನಿಜ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆಯೂ ನಿಜ. ಆದರೆ ಅದು ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ. ಬಿಡುಗಡೆಯಾದ ಮೇಲೆ 15 ದಿನಗಳವರೆಗಿನ ವೆಚ್ಚ ಅದರಲ್ಲಿ ಸೇರುತ್ತದೆ. ಹೋಂ ನರ್ಸ್ ಸಂಬಳ, ಡೈಪರ್, ಆಮೇಲಿನ ದಿನಗಳ ಹಾಸಿಗೆ ಹುಣ್ಣಿನ ಡ್ರೆಸಿಂಗ್ ಎಲ್ಲವೂ ಮನೆಯವರ ಕಿಸೆಯಿಂದಲೇ. ಸೊಂಟ ಮುರಿದ ಅಜ್ಜಿ ಆಸ್ಪತ್ರೆಯಲ್ಲಿ ಕಳೆಯುವುದು ಕೆಲವು ದಿನ, ಮನೆಯಲ್ಲಿ ಕೆಲವು ವರ್ಷ.

ಖಾಸಗಿ ಆರೋಗ್ಯ ವಿಮೆ ಮಾಡಿಸಿದವರು ತಾವು ಬಚಾವ್ ಎಂದುಕೊಳ್ಳುತ್ತಾರೆ. ಪಾಲಿಸಿ ಪುಸ್ತಕದಲ್ಲಿ ಯಾರೂ ಓದದ ಪುಟವೊಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಪಡಿಸಿದ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯಲ್ಲಿ, ಸ್ನಾನ, ಬಟ್ಟೆ ತೊಡಿಸುವುದು, ಓಡಾಟ ಇವುಗಳಿಗೆ ಮನೆಯಲ್ಲಿ ಸಿಗುವ ನೆರವು ವಿಮೆಯ ಹೊರಗೆ ಎಂದು ಬಿಡಿಸಿ ಬರೆದಿದೆ. ಜಪಾನಿನ ವಿಮೆ ಯಾವುದಕ್ಕೆಂದೇ ಹುಟ್ಟಿತೋ, ಇಲ್ಲಿನ ಪಾಲಿಸಿ ಅದನ್ನೇ ಹೊರಗಿಟ್ಟಿದೆ.

ಪಿಂಚಣಿ ಆರೈಕೆಗೆ ಸಾಕಾಗುತ್ತದೆ ಎಂಬ ಮಾತಿಗೆ ಲೆಕ್ಕವೇ ಉತ್ತರ. ರಾಜ್ಯದ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳಲ್ಲಿ ಆಯುಷ್ಯವಿಡೀ ಬೀಡಿ ಕಟ್ಟಿದ ಹೆಂಗಸರಿಗೆ ಪಿ.ಎಫ್. ಪಿಂಚಣಿ ಬಂದರೂ ಅದರ ಕನಿಷ್ಠ ಮೊತ್ತ 2014ರಿಂದ 1,000 ರೂಪಾಯಿಯಲ್ಲೇ ನಿಂತಿದೆ.

ಹೊರದೇಶಗಳಲ್ಲಿ ಸರ್ಕಾರವೇ ಎಲ್ಲವನ್ನೂ ಪುಕ್ಕಟೆ ನೋಡಿಕೊಳ್ಳುತ್ತದೆ ಎಂಬುದೂ ಅಷ್ಟೇ ಪೊಳ್ಳು. ಜಪಾನಿನಲ್ಲಿ 40 ತುಂಬಿದವರು ಕಂತು ಕಟ್ಟಲೇಬೇಕು. ಅರ್ಧ ಹಣ ಕಂತಿನಿಂದ, ಇನ್ನರ್ಧ ತೆರಿಗೆಯಿಂದ. ಸೇವೆ ಪಡೆಯುವಾಗ ಆದಾಯ ನೋಡಿ ಶೇ. 10ರಿಂದ 30ರಷ್ಟು ಮತ್ತೆ ಕೈಯಿಂದ ಕೊಡಬೇಕು. ಜರ್ಮನಿಯ ವಿಮೆ ವೆಚ್ಚದ ಒಂದು ಪಾಲನ್ನಷ್ಟೇ ಭರಿಸುತ್ತದೆ. ಆದರೆ ಅಲ್ಲಿ ಮನೆಯಲ್ಲೇ ಆರೈಕೆ ಪಡೆಯುವವರು ಸೇವೆಯ ಬದಲು ನಗದು ಭತ್ಯೆ ಆರಿಸಿಕೊಳ್ಳಬಹುದು, ಅದನ್ನು ನೋಡಿಕೊಳ್ಳುವ ಮಗಳಿಗೋ ಸೊಸೆಗೋ ಕೊಡಬಹುದು. ಕರ್ನಾಟಕ ಯಾವುದನ್ನಾದರೂ ಕಲಿಯುವುದಿದ್ದರೆ ಇದನ್ನು ಮೊದಲು ಕಲಿಯಬೇಕು. ಅಧಿಕೃತ ಅಂದಾಜಿನಂತೆ ರಾಜ್ಯದ ಜನಸಂಖ್ಯೆಯಲ್ಲಿ 60 ದಾಟಿದವರ ಪಾಲು 2021ರಲ್ಲಿ ಶೇ. 11.5 ಇದ್ದದ್ದು 2031ಕ್ಕೆ ಶೇ. 15 ಆಗಲಿದೆ, ಮಕ್ಕಳು ಬೆಂಗಳೂರು, ಮುಂಬಯಿ, ಗಲ್ಫ್ ಸೇರಿದ ಮನೆಗಳು ಕರಾವಳಿಯಲ್ಲಿ ಈಗಲೇ ಧಾರಾಳ.

ವಿಮೆ ಇಲ್ಲದಿದ್ದರೆ ಏನೂ ಸಾಧ್ಯವಿಲ್ಲ ಎಂದೂ ಅಲ್ಲ. ಕೇರಳ 2008ರಲ್ಲಿ ಉಪಶಾಮಕ ಆರೈಕೆ ನೀತಿ ತಂದಿತು. ಗಡಿಯಾಚೆ ಮಂಜೇಶ್ವರ ಕಡೆಯ ಕನ್ನಡಿಗರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಪಂಚಾಯತ್ ಹಣದಲ್ಲಿ ನರ್ಸ್ ಮನೆಗೇ ಬಂದು ಮೂತ್ರದ ಕೊಳವೆ ಬದಲಿಸುತ್ತಾರೆ, ಹುಣ್ಣು ತೊಳೆಯುತ್ತಾರೆ, ಮನೆಯವರಿಗೆ ಹೇಳಿಕೊಡುತ್ತಾರೆ. ದಿನವಿಡೀ ನೋಡಿಕೊಳ್ಳುವವರು ಆಗಲೂ ಮನೆಯವರೇ.

ಜಾಗ ಬರೆದುಕೊಟ್ಟರೆ ಮಕ್ಕಳು ನೋಡಿಕೊಳ್ಳುತ್ತಾರೆ ಎಂಬುದು ಇಲ್ಲಿನ ಹಳೆಯ ವಿಮೆ. ಕೊಟ್ಟದ್ದು ಮರಳಿ ಬಾರದು ಎಂಬ ಹೆದರಿಕೆಯೂ ಅದರ ಜೊತೆಗಿದೆ. ಪೋಷಕರು ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಆ ಷರತ್ತು ಮುರಿದರೆ, ಹಿಂಪಡೆಯಬಹುದು. ಅರ್ಜಿ ಸಲ್ಲಿಸಬೇಕಾದದ್ದು ಉಪವಿಭಾಗಾಧಿಕಾರಿಗೆ: ಮೂಡುಬಿದಿರೆ, ಬಂಟ್ವಾಳದವರು ಮಂಗಳೂರಿನಲ್ಲಿ, ಬೆಳ್ತಂಗಡಿಯವರು ಪುತ್ತೂರಿನಲ್ಲಿ. ಷರತ್ತು ಇತ್ತೆಂದು ತೋರಿಸಬೇಕಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ದಾನಪತ್ರ ಬರೆಸುವ ಹಿರಿಯರು ಆ ಷರತ್ತನ್ನು ಪತ್ರದಲ್ಲೇ ಬರೆಸಿಕೊಳ್ಳಬೇಕು.